ಮೂರನೆಯ ಮೂರು

ನಮ್ಮೂರಿನ ಗಡಿಯಾರ ಮಧ್ಯಾಹ್ನ ಎರಡು ಸಲ ಮೂರು ಹೊಡೆಯುತ್ತದೆ. ಹೊರಗಿನಿಂದ ಬಂದವರು ಮೊದಲ ದಿನ ತಮ್ಮ ಕೈಗಡಿಯಾರ ನೋಡಿಕೊಳ್ಳುತ್ತಾರೆ, ಎರಡನೆಯ ದಿನ ನಮ್ಮ ಮುಖ ನೋಡುತ್ತಾರೆ, ಮೂರನೆಯ ದಿನ ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಸೂರ್ಯ ಎಲ್ಲ ಊರಿಗೂ ಒಬ್ಬನೇ. ಆದರೆ ಅವನು ಹುಟ್ಟಿ, ಮುಳುಗಿ, ಮತ್ತೆ ಹುಟ್ಟುವಷ್ಟರಲ್ಲಿ ಎಷ್ಟು ಗಂಟೆ ಆಗಬೇಕೆಂಬುದನ್ನು ನಮ್ಮಲ್ಲಿ ಗಡಿಯಾರದ ಮನೆಯಲ್ಲಿ ಗಡಿಯಾರವನ್ನು ಓಡಿಸುವ ಕಂಪ್ಯೂಟರ್ ಬೋರ್ಡು ತೀರ್ಮಾನಿಸುತ್ತದೆ. ಬೋರ್ಡು ಚುರುಕಾಗಿ ಬಡಿದರೆ ಇಪ್ಪತ್ತೈದು. ಮಂದವಾದರೆ ಇಪ್ಪತ್ತನಾಲ್ಕು, ಬೇರೆ ಊರುಗಳ ಹಾಗೆ. ಅದನ್ನು ನಾವು ಬಡತನವೆಂದು ತಿಳಿಯುತ್ತೇವೆ.

ಹೆಚ್ಚಿಗೆ ಸಿಕ್ಕ ಆ ಗಂಟೆಗೆ ಎರಡನೆಯ ಮೂರು ಎಂದು ಹೆಸರು. ಅದಕ್ಕೊಂದು ಕಟ್ಟಳೆಯಿದೆ: ಎರಡನೆಯ ಮೂರರಲ್ಲಿ ಆಡಿದ ಮಾತನ್ನು ನಾಲ್ಕು ಹೊಡೆದ ಮೇಲೆ ಯಾರೂ ಎತ್ತಬಾರದು. ಆಡಿದವರು ಆಡಿಲ್ಲ, ಕೇಳಿದವರು ಕೇಳಿಲ್ಲ. ಹೀಗಾಗಿ ನಮ್ಮೂರಿನಲ್ಲಿ ನಿಜ ಹೇಳುವುದಕ್ಕೆ ದಿನಕ್ಕೊಂದು ಗಂಟೆ ಗೊತ್ತಾಗಿದೆ. ಉಳಿದ ಇಪ್ಪತ್ತನಾಲ್ಕು ಗಂಟೆ ಎಲ್ಲರೂ ಸಭ್ಯರು. ಸಾಲೆಯ ಹೆಡ್‌ಮಾಸ್ತರರು ತಮಗೆ ಭಿನ್ನರಾಶಿ ಬರುವುದಿಲ್ಲವೆಂದು ಎಷ್ಟೋ ವರ್ಷದಿಂದ ಪ್ರತಿ ಮಂಗಳವಾರ ನನ್ನ ಮುಂದೆ ಒಪ್ಪಿಕೊಳ್ಳುತ್ತಾರೆ, ನಾಲ್ಕೂಕಾಲಿಗೆ ಎದ್ದು ಅದನ್ನೇ ಕಲಿಸಲು ಹೋಗುತ್ತಾರೆ. ಅತ್ತೆ ಸೊಸೆಯರು ಆ ಹೊತ್ತಿಗೆ ಕಟ್ಟೆಯ ಮೇಲೆ ಎದುರುಬದುರು ಕೂತು, ಒಬ್ಬರ ಅಡುಗೆಯ ಬಗ್ಗೆ ಒಬ್ಬರು ಅನ್ನಬೇಕಾದುದನ್ನೆಲ್ಲ ಅಂದು, ನಾಲ್ಕಕ್ಕೆ ಒಟ್ಟಿಗೆ ಚಹಾಕ್ಕಿಡುತ್ತಾರೆ.

ನಾನು ಈ ಊರಿನ ಬೋರ್ಡು ಪರೀಕ್ಷಕ. ಹೆಸರು ಶ್ರೀಪಾದ, ಮೊದಲು ಸಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದುದರಿಂದ ಎಲ್ಲರಿಗೂ ಮಾಸ್ತರ. ಗಡಿಯಾರದ ಮನೆಗೆ ಯಾವ ಬೋರ್ಡು ಬಂದರೂ ಅದನ್ನು ನಾನು ನೋಡಿ, ತಡವಿ, ಕಾಯಿಸಿ, ತಣಿಸಿ, ಒಂದು ಕಾಗದ ಬರೆದುಕೊಡಬೇಕು. ಆ ಕಾಗದವಿಲ್ಲದೆ ಬೋರ್ಡು ಗೂಡಿನೊಳಕ್ಕೆ ಹೋಗುವಂತಿಲ್ಲ. ಈ ಕೆಲಸಕ್ಕೆ ಬೇಕಾದದ್ದು ಒಳ್ಳೆಯ ಕಣ್ಣು ಮತ್ತು ಕೆಟ್ಟ ಸ್ವಭಾವ. ಕಣ್ಣು ಈಚೆಗೆ ಸ್ವಲ್ಪ ಮಂಜಾಗಿದೆ.

ಹದಿನೆಂಟು ವರ್ಷದ ಹಿಂದೆ ಊರಿಗೆ ಎರಡನೆಯ ಮೂರು ಸಾಲದೆನಿಸಿ, ಮೂರನೆಯದೂ ಬೇಕೆಂಬ ಆಸೆ ಹುಟ್ಟಿತ್ತು. ಆಗಿನ ಹೊಸ ಬೋರ್ಡನ್ನು ಓಡಿಸಿದವನು ಫಕೀರಪ್ಪ. ಗಡಿಯಾರದ ಮನೆ ಅವನ ಸುಪರ್ದಿನಲ್ಲಿತ್ತು. ಗಡಿಯಾರ ಮೂರನೆಯ ಸಲ ಮೂರು ಹೊಡೆಯಿತು. ಜನ ಬಜಾರದಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಹನ್ನೊಂದು ನಿಮಿಷದ ಮೇಲೆ ಬೋರ್ಡು ನಿಂತಿತು, ಮರುಗಳಿಗೆಗೆ ನೋಡಿದರೆ ಏಳು ಗಂಟೆ. ನಡುವಿನ ಹೊತ್ತು ಯಾರ ಪಾಲಿಗೂ ಬರಲಿಲ್ಲ. ಆ ದಿನ ದೇಸಾಯರ ಮನೆಯಲ್ಲಿ ಗೋಧೂಳಿ ಮುಹೂರ್ತದ ಮದುವೆ. ಏಳಕ್ಕೆ ನೋಡಿದರೆ ಹುಡುಗಿಯ ಕೊರಳಲ್ಲಿ ತಾಳಿಯಿದೆ, ಕಟ್ಟಿದ್ದು ಯಾರಿಗೂ ನೆನಪಿಲ್ಲ. ಆ ಗಂಡ ಹೆಂಡತಿ ಇವತ್ತಿಗೂ ಜಗಳ ಬಂದಾಗ "ನಮ್ಮ ಲಗ್ನ ಆಗಿದ್ದಕ್ಕ ಖಾತ್ರಿ ಏನೈತಿ?" ಎಂದು ಪರಸ್ಪರ ಕೇಳುತ್ತಾರೆ. ಬೋರ್ಡು ಏಳಕ್ಕೆ ತಾನಾಗಿಯೇ ಎದ್ದು ಬಡಿಯತೊಡಗಿತು ಎಂದು ಊರು ನಂಬಿತು. ಏಳಕ್ಕೆ ಬಾರದೇ ಹೋದವನು ಫಕೀರಪ್ಪ ಒಬ್ಬನೇ. ಅವನ ಚಪ್ಪಲಿಗಳು ಗಡಿಯಾರದ ಮನೆಯ ಮೆಟ್ಟಿಲ ಬುಡದಲ್ಲಿದ್ದವು. ಅವನು ಎಲ್ಲಿಯೂ ಇರಲಿಲ್ಲ.

ಫಕೀರಪ್ಪ ಎಲ್ಲಿ ಎಂದು ಯಾರನ್ನು ಕೇಳಿದರೂ, ಮಗಳ ಊರಿಗೆ ಹೋಗಿದ್ದಾನೆ ಎನ್ನುವಷ್ಟು ಸಲೀಸಾಗಿ, "ಮೂರನೇ ಮೂರರಾಗ ಅದಾನ" ಎನ್ನುತ್ತಾರೆ. ಅವನ ಹೆಂಡತಿ ಕಸ್ತೂರೆವ್ವ ಮರುವಾರವೇ ಗಡಿಯಾರದ ಮನೆಯ ಕೆಲಸಕ್ಕೆ ನಿಂತಳು. ಅಂದಿನಿಂದ ದಿನಾ ಮೂವತ್ತೊಂದು ಮೆಟ್ಟಿಲು ಹತ್ತುತ್ತಾಳೆ, ಎರಡನೆಯ ಮೂರನ್ನು ಓಡಿಸುತ್ತಾಳೆ, ಇಳಿಯುತ್ತಾಳೆ. ಚಪ್ಪಲಿಗಳನ್ನು ಧೂಳು ಕೊಡವಿ ಅಲ್ಲೇ ಬಿಡುತ್ತಾಳೆ. ಮೂರನೆಯ ಮೂರನ್ನು ಮತ್ತೆ ತೆರೆಯಿರಿ ಎಂದು ಪ್ರತಿ ಸಭೆಗೂ ಅರ್ಜಿ ಕೊಡುತ್ತಿದ್ದಳು. ಸಭೆಯವರು ಅರ್ಜಿಯನ್ನು ಗೌರವದಿಂದ ಮಡಚುತ್ತಿದ್ದರು.

ಈ ವರ್ಷ ಮಡಚಲಿಲ್ಲ. ನಮ್ಮ ಪುರಸಭೆಯ ಅಧ್ಯಕ್ಷ ದುಂಡಪ್ಪನವರಿಗೆ ಏನಾದರೊಂದನ್ನು ಉದ್ಘಾಟಿಸಬೇಕಾಗಿತ್ತು. ಸೇತುವೆ ಮಾಡಿಸೋಣವೆಂದರೆ ಊರಿಗೆ ಹೊಳೆಯಿಲ್ಲ. ಹೀಗಾಗಿ ಬೋರ್ಡು ಬಂತು. ಪೆಟ್ಟಿಗೆಯ ಮೇಲೆ ಬೆಂಕಿಯುಗುಳುವ ಹುಲಿಯ ಚಿತ್ರ. ಬಂದೂಕು ಹಿಡಿದು ಓಡುವ ಕಂಪ್ಯೂಟರ್ ಆಟಗಳಿಗೆಂದು, ಆಟವನ್ನು ಮಿತಿ ಮೀರಿ ಓಡಿಸುವ ಚಟದವರಿಗೆಂದು ಎಲ್ಲೋ ದೂರದಲ್ಲಿ ಮಾಡಿದ ಬೋರ್ಡು. ಮಾಡಿದವರಿಗೆ ಅದರಿಂದ ಒಂದು ಊರಿನ ಮಧ್ಯಾಹ್ನವನ್ನು ಓಡಿಸುತ್ತಾರೆಂದು ಗೊತ್ತಿದ್ದರೆ ಬಹುಶಃ ಹುಲಿಯ ಬದಲು ಎತ್ತು ಬರೆಯುತ್ತಿದ್ದರು.

ಮರುದಿನ ಮೂರನೆಯ ಮೂರು ಎಂದು ಡಂಗುರವಾಗಿತ್ತು. ನನ್ನ ಕೈಯಲ್ಲಿ ಇದ್ದದ್ದು ಒಂದು ದಿನ.

ಬೆಳಿಗ್ಗೆ ಹತ್ತಕ್ಕೆ ಗಡಿಯಾರದ ಮನೆಯ ಮೇಲಿನ ಕೋಣೆಯಲ್ಲಿ ನಾವು ನಾಲ್ವರಿದ್ದೆವು. ನಾನು, ಕಸ್ತೂರೆವ್ವ, ಅಧ್ಯಕ್ಷರು ಮತ್ತು ಶಾಹೀನ. ಶಾಹೀನ ದನದ ದವಾಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಹೋರಿಯ ವೀರ್ಯ ಕೆಡದಂತೆ ಇಡುವ ದ್ರವ ಸಾರಜನಕದ ಕ್ಯಾನುಗಳು ಅವಳ ವಶದಲ್ಲಿರುತ್ತವೆ. ಅಷ್ಟು ತಂಪು ನಮ್ಮೂರಿನಲ್ಲಿ ಬೇರೆಲ್ಲೂ ಸಿಗದು. ಅದನ್ನು ಬೋರ್ಡಿನ ನೆತ್ತಿಗೆ ಸುರಿದು ವೇಗ ಏರಿಸುವ ಹುಚ್ಚು ಅವಳಿಗೆ ನನ್ನ ವಿದ್ಯಾರ್ಥಿನಿಯಾಗಿದ್ದಾಗಲೇ ಹತ್ತಿದ್ದು. ಈಗ ಮೂವತ್ತು ದಾಟಿದೆ, ಬಿಟ್ಟಿಲ್ಲ.

"ಪೆಟ್ಟಿಗಿ ನೋಡಿದ್ರನ ಗೊತ್ತಾಗ್ತೈತಲ್ರಿ ಮಾಸ್ತರ್ರ, ಒಳಗ ಎಂಥಾ ಮಾಲು ಅಂತ," ಎಂದರು ದುಂಡಪ್ಪನವರು. "ಇನ್ನ ಪರೀಕ್ಷಾ ಯಾಕ?"

"ಹೆಣ್ಣು ನೋಡ್ಲಿಕ್ಕೆ ಹೋಗಿ ಪಲ್ಲಕ್ಕಿ ನೋಡಿ ಬರೂದಿಲ್ಲಲ್ರಿ ಅಧ್ಯಕ್ಷರ," ಎಂದೆ.

ಬೋರ್ಡು ನಿಜಕ್ಕೂ ಚೆಲುವೆ. ಕಪ್ಪು ಮೈ, ಬೆರಳಿಗೆ ಸಿಗುವಷ್ಟು ದಪ್ಪ. ಪ್ರೊಸೆಸರು ಕೂರುವ ಚೌಕದ ಸುತ್ತ ಎತ್ತರದ ಬಿಡಿಭಾಗ ಒಂದೂ ಇಲ್ಲದ ಬಯಲು. ತಂಪಿನ ಪಾತ್ರೆ ಕೂರಿಸಲು ಜಾಗ ಧಾರಾಳ. ಮೆಮರಿ ಪಟ್ಟಿಗಳಿಗೆ ನಾಲ್ಕರ ಬದಲು ಎರಡೇ ಸ್ಲಾಟು, ಚೌಕಕ್ಕೆ ತೀರಾ ಹತ್ತಿರ. ಅಂಗಡಿಯವನು ಇದನ್ನು ಕೊರತೆ ಎನ್ನುತ್ತಾನೆ, ಓಡಿಸುವವನು ವರ ಎನ್ನುತ್ತಾನೆ; ಹಾದಿ ಕಿರಿದಾದಷ್ಟೂ ಸುದ್ದಿ ಬೇಗ ತಲುಪುತ್ತದೆ. ಕರೆಂಟು ಹದಮಾಡುವ ಕಪ್ಪು ಬಿಲ್ಲೆಗಳು ಒಂದೇ ಸಾಲಿನಲ್ಲಿ ಇಪ್ಪತ್ತು. ವೋಲ್ಟೇಜು ಅಳೆಯುವ ಬಿಂದುಗಳು ಅಂಚಿನಲ್ಲೇ, ಮೀಟರಿನ ಮುಳ್ಳು ಕುರುಡನಿಗೂ ಎಟಕುವಂತೆ. ಮೇಲಿನ ಮೂಲೆಯಲ್ಲಿ ಎರಡಂಕಿಯ ಕೆಂಪು ದೀಪ. ಬೋರ್ಡಿಗೆ ಸಂಕಟವಾದಾಗ ಯಾವ ಸಂಕಟವೆಂದು ಅಂಕಿಯಲ್ಲಿ ಹೇಳುತ್ತದೆ. ಮನುಷ್ಯರಿಗೂ ಹಣೆಯ ಮೇಲೆ ಇಂಥದೊಂದಿದ್ದರೆ ನಮ್ಮೂರಿಗೆ ಎರಡನೆಯ ಮೂರು ಬೇಕಾಗುತ್ತಿರಲಿಲ್ಲ.

"ಒಂದ ಸಂಶಯ ಸರ," ಎಂದಳು ಶಾಹೀನ. ಬಿಲ್ಲೆಗಳ ಸಾಲಿನ ಮೇಲೆ ಬಿಸಿ ಹೀರುವ ಅಲ್ಯೂಮಿನಿಯಮ್ ದಿಂಡಿತ್ತು. ದಿಂಡಿನ ಮೇಲೆ ಅಂದಕ್ಕೆಂದು ಹಾಕಿದ ಹೊಳೆಯುವ ಮುಚ್ಚಳ, ಅದರ ಮೇಲೆ ಅದೇ ಹುಲಿ, ಒಳಗಿನಿಂದ ದೀಪ ಬೇರೆ. "ಈ ಹುಲಿ ಗಾಳಿ ಬಿಡವಲ್ದು. ಕೈ ಇಡ್ರಿ, ಆಗಲೇ ಸುಡಾಕತ್ತೈತಿ."

"ಹುಲಿ ಮುಟ್ಟಬ್ಯಾಡ್ರಿ," ಎಂದರು ದುಂಡಪ್ಪನವರು. "ನಾಳೆ ಫೋಟೋ ತಗೀತಾರ. ಹುಲಿ ಇಲ್ಲಂದ್ರ ಬೋರ್ಡ್ ಯಾತಕ್ಕ ಬಂತು?"

ಕಾಯಿಸಿ ತಣಿಸಿ ನೋಡುವಷ್ಟರಲ್ಲಿ ಮಧ್ಯಾಹ್ನ ಎರಡಾಯಿತು. ಶಾಹೀನ ಚೌಕದ ಸುತ್ತ ವ್ಯಾಸಲಿನ್ ಬಳಿದಳು, ಹಿಮದ ನೀರು ಒಳಗಿಳಿಯದಿರಲೆಂದು. ಪಾತ್ರೆ ಕೂರಿಸಿ ಕ್ಯಾನು ಬಗ್ಗಿಸಿದಳು. ಬಿಳಿ ಹೊಗೆ ಮೇಜಿನಿಂದಿಳಿದು ನಮ್ಮ ಪಾದದ ಸುತ್ತ ನಿಂತಿತು. ವೇಗ ಏರಿತು. ಊರ ಗಡಿಯಾರಕ್ಕೆ ಜೋಡಿಸದೆ, ಬರಿಯ ಮೇಜಿನ ಮೇಲೆ, ಮೂರನೆಯ ಮೂರಕ್ಕೆ ಬೇಕಾದ ವೇಗದಲ್ಲಿ ಅದು ಇಪ್ಪತ್ತು ನಿಮಿಷ ಮಿಸುಕದೆ ಬಡಿಯಿತು. ಆಮೇಲೆ ಬಿಲ್ಲೆಗಳ ಬಿಸಿ ನೂರು ಮುಟ್ಟಿತೆಂದು ಶಾಹೀನಳೇ ಇಳಿಸಿದಳು. ಕಸ್ತೂರೆವ್ವ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು.

"ಪಾಸಲ್ರಿ?" ಎಂದರು ದುಂಡಪ್ಪನವರು.

"ಬಟನ್ ಉಳದಾವ," ಎಂದೆ.

ವೇಗದ ಬೋರ್ಡಿನಲ್ಲಿ ನಿಜವಾಗಿ ನೋಡಬೇಕಾದದ್ದು ಎರಡು ಬಟನ್ನು. ಒಂದು ಸ್ಲೋ: ಒತ್ತಿದರೆ ವೇಗ ತಟ್ಟನೆ ಇಳಿಯುತ್ತದೆ, ಹೆಚ್ಚಿನ ಗಂಟೆ ಅಲ್ಲಿಗೇ ಮುಗಿದು ನಾಲ್ಕು ಹೊಡೆಯುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಇನ್ನೊಂದು ರೀಸೆಟ್: ಆ ತಂಪಿನಲ್ಲಿ, ಆ ವೇಗದಲ್ಲಿ ಅದನ್ನು ಒತ್ತಿದರೆ ಬೋರ್ಡು ಸಾಯುತ್ತದೆ. ಆಮೇಲೆ ಕೆಳಗೆ ಮೆಟ್ಟಿಲ ಬುಡದಲ್ಲಿರುವ ಮೇನ್ ಸ್ವಿಚ್ಚನ್ನು ಆರಿಸಿ ಹಾಕಿದರೆ ಮಾತ್ರ ಎದ್ದೀತು. ಈ ಬೋರ್ಡಿನಲ್ಲಿ ಎರಡೂ ಬಲ ಅಂಚಿನಲ್ಲಿ ಅಕ್ಕಪಕ್ಕ ಇದ್ದವು. ಒಂದೇ ಗಾತ್ರ, ಒಂದೇ ಕಪ್ಪು, ನಡುವೆ ಅಕ್ಕಿಕಾಳಿನಷ್ಟು ಅಂತರ. ಅಕ್ಷರಗಳು ಬರಿಗಣ್ಣಿಗೆ ಕಾಣವು.

ಬೋರ್ಡು ಆರಿಸಿಟ್ಟು, ದನದ ದವಾಖಾನೆಯ ದಪ್ಪ ಚರ್ಮದ ಕೈಗವಸು ಹಾಕಿಕೊಂಡೆ. ದ್ರವ ಸಾರಜನಕದ ಹತ್ತಿರ ಬರಿಗೈ ಒಯ್ಯುವಂತಿಲ್ಲ. ಕಣ್ಣು ಮುಚ್ಚಿದೆ. "ಸ್ಲೋ," ಎಂದು ಶಾಹೀನ ಕೂಗಿದಾಗಲೆಲ್ಲ ಒತ್ತಿದೆ. ಇಪ್ಪತ್ತು ಸಲ ಕೂಗಿದಳು.

ಕಣ್ಣು ತೆರೆದಾಗ ಅವಳು ಚೀಟಿಯಲ್ಲಿ ಗೀರೆಳೆದದ್ದನ್ನು ತೋರಿಸಿದಳು. ಹದಿಮೂರು ಸಲ ಸ್ಲೋ. ಏಳು ಸಲ ರೀಸೆಟ್.

ಗೀರುಗಳನ್ನು ನಾನೇ ಮತ್ತೊಮ್ಮೆ ಎಣಿಸಿದೆ. ಯಾಕೆಂದರೆ ಹದಿನೆಂಟು ವರ್ಷದ ಹಿಂದಿನ ಬೋರ್ಡಿನಲ್ಲೂ ಎರಡು ಬಟನ್ನು ಹೀಗೇ ಇದ್ದವು, ಮತ್ತು ಅದರ ಕಾಗದದಲ್ಲಿ ನಾನು "ಬಟನ್ನುಗಳ ಜಾಗ: ತೃಪ್ತಿಕರ" ಎಂದು ಬರೆದಿದ್ದೆ. ಬರೆದದ್ದು ಎರಡನೆಯ ಮೂರರಲ್ಲಿ. ಆ ಹೊತ್ತಿನಲ್ಲಿ ಬರೆದದ್ದಕ್ಕೆ ಬೆಲೆಯಿಲ್ಲ. ನಾಲ್ಕಾದ ಮೇಲೆ ಕೈಗವಸು ಹಾಕಿ ಸರಿಯಾಗಿ ನೋಡಿ ಬೇರೆ ಬರೆದರಾಯಿತೆಂದು, ಗೆಳೆಯರೊಡನೆ ಎಲೆ ಅಡಿಕೆ ಹಾಕಿಕೊಳ್ಳುತ್ತ, ಸುಮ್ಮನೆ ಗೀಚಿದ ಕಾಗದ ಅದು. ಪುರಸಭೆಯ ಜವಾನ ಅದನ್ನೇ ಎತ್ತಿಕೊಂಡು ಹೋದ. ನಾಲ್ಕಕ್ಕೆ ಅದರ ಮೇಲೆ ಪುರಸಭೆಯ ಶಿಕ್ಕೆ ಬಿತ್ತು. ಅದು ಎರಡನೆಯ ಮೂರರ ಕಾಗದವೆಂದು ಹೇಳಬೇಕಾದರೆ ನಾನು ಎರಡನೆಯ ಮೂರನ್ನು ಎತ್ತಬೇಕು. ಎತ್ತುವಂತಿಲ್ಲ. ಸಭ್ಯನಾಗಿ ಸುಮ್ಮನಿದ್ದೆ. ಮರುದಿನ ಫಕೀರಪ್ಪ ಹೋದ. ಅಂದಿನಿಂದ ಸಭ್ಯನಾಗಿಯೇ ಇದ್ದೇನೆ.

ಇವತ್ತು ನಪಾಸು ಬರೆದರೆ ದುಂಡಪ್ಪನವರು ಬೋರ್ಡನ್ನು ವಾಪಸು ಕಳಿಸುತ್ತಾರೆ, ಕಸ್ತೂರೆವ್ವನ ಬಾಗಿಲು ಮುಚ್ಚುತ್ತದೆ. ಪಾಸು ಬರೆದರೆ ನಾಳೆ ಆ ಬಟನ್ನುಗಳ ಮುಂದೆ ನಿಲ್ಲುವ ಕೈ ಕಸ್ತೂರೆವ್ವನದೇ.

ಅಷ್ಟರಲ್ಲಿ ಗಡಿಯಾರ ಎರಡನೆಯ ಸಲ ಮೂರು ಹೊಡೆಯಿತು. ದುಂಡಪ್ಪನವರ ಮುಖ ಸಡಿಲವಾಯಿತು. ಆ ಹೊತ್ತಿಗೆ ಎಲ್ಲರದೂ ಆಗುತ್ತದೆ. "ನಿಜ ಹೇಳಬೇಕಂದ್ರ ಮಾಸ್ತರ್ರ, ನನಗ ಬೋರ್ಡ್ ಅಂದ್ರ ಏನಂತ ತಿಳೀವಲ್ದು. ಹುಲಿ ನೋಡಿ ತರಿಸೀನಿ," ಎಂದು ಹೇಳಿ ಹಗುರಾಗಿ, ಕೆಳಗೆ ಗಾಳಿಗೆ ಹೋದರು. ಶಾಹೀನ ಖಾಲಿ ಕ್ಯಾನು ಎತ್ತಿಕೊಂಡು ಹಿಂದೆಯೇ ಇಳಿದಳು.

ಕಸ್ತೂರೆವ್ವ ಹಳೆಯ ಬೋರ್ಡಿನ ಗೂಡಿನ ಮುಂದೆ ಮಣೆ ಹಾಕಿಕೊಂಡು ಕೂತಳು. ಇದು ಅವಳು ದಿನಾ ಕೂರುವ ಜಾಗ.

"ಏಳು ಸಲ," ಎಂದಳು.

"ಹೌದು."

"ನಿಮ್ಮ ಕೈ ನಡಗತಿತ್ತು. ನನ್ನ ಕೈ ನಡಗಂಗಿಲ್ಲ. ಪಾಸ್ ಬರೀರಿ."

"ಕಸ್ತೂರೆವ್ವಾ, ಒಂದು ಮಾತು ಅದ," ಎಂದೆ. ಹೇಳಿದೆ. ಎಲೆ ಅಡಿಕೆಯನ್ನೂ ಬಿಡದೆ ಹೇಳಿದೆ. ಇಂಥ ಊರಿನಲ್ಲಿ ಹದಿನೆಂಟು ವರ್ಷ ಎರಡನೆಯ ಮೂರು ಸಿಕ್ಕರೂ ಒಂದು ದಿನವೂ ಹೇಳದೇ ಇದ್ದವನು ನಾನೊಬ್ಬನೇ ಇರಬೇಕು. ಆ ಗಂಟೆಯಲ್ಲಿ ಹೇಳಿದರೆ ತೀರಿಹೋಗುತ್ತದೆ. ಅಷ್ಟು ಅಗ್ಗಕ್ಕೆ ತೀರಬಾರದೆಂದು ಇಟ್ಟುಕೊಂಡಿದ್ದೆನೋ, ಬರಿ ಅಂಜಿಕೆಯೋ ನನಗೇ ಗೊತ್ತಿಲ್ಲ.

ಅವಳು ಗೂಡಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಹಳೆಯ ಬೋರ್ಡು ಒಂದೇ ಸಮನೆ ಬಡಿಯುತ್ತಿತ್ತು.

"ಬೋರ್ಡ್ ತಾನಾಗಿ ನಿಂತಿದ್ದಲ್ರಿ ಮಾಸ್ತರ್ರ," ಎಂದಳು. "ಇವರ ಒತ್ತಿದ್ರು. ನಾ ಬುತ್ತಿ ತಂದು ಇಲ್ಲೇ ಬಾಗಲದಾಗ ನಿಂತಿದ್ದೆ. ಕೆಂಪು ದೀಪ ಮಿಣಕ್ ಮಿಣಕ್ ಅಂತು. ಇವರು ಗ್ಲೌಜ್ ಹಾಕಿದ ಕೈ ಚಾಚಿ ಸ್ಲೋ ಒತ್ತಾಕ ಹೋದ್ರು. ಬಟ್ಟು ಪಕ್ಕದ್ದರ ಮ್ಯಾಲೆ ಬಿತ್ತು. ನನ್ನ ಕಡೆ ಹೊಳ್ಳಿ ನೋಡಿದ್ರು. ಅವರಿಗೂ ತಿಳೀತು, ನನಗೂ ತಿಳೀತು. ಆಮ್ಯಾಲೆ ಏಳು ಗಂಟಿ."

"ಯಾರ ಮುಂದೂ ಅಂದಿಲ್ಲ ನೀನು."

"ಏನಂತ ಅನ್ಲಿ? ಫಕೀರಪ್ಪನ ಕೈ ತಪ್ಪಿ ಊರಿನ ಹೊತ್ತು ಹೋತು ಅಂತ ಅನ್ನಿಸ್ಲ್ಯಾ? ಬೋರ್ಡ್ ಕೆಟ್ಟಿತ್ತು ಅಂತ ಜನ ಅಂದ್ರು. ಹೂಂ ಅಂದೆ."

"ಕೈ ತಪ್ಪಿದ್ದಲ್ಲ ಅದು. ಬಟನ್ ಇರೋ ಜಾಗಾನ ತಪ್ಪು. ನಾ ಗ್ಲೌಜ್ ಹಾಕಿ ನೋಡಿದ್ರ ಅವತ್ತ ಗೊತ್ತಾಗ್ತಿತ್ತು."

ಅವಳು ನನ್ನ ಕಡೆ ತಿರುಗಿದಳು. ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಕೆಳಗೆ ಕಟ್ಟೆಯ ಮೇಲೆ ಯಾರೋ ಯಾರಿಗೋ ನಿಜ ಹೇಳಿ ನಗುತ್ತಿದ್ದರು. ನಾನು ಗಡಿಯಾರದ ಮುಳ್ಳನ್ನೇ ನೋಡುತ್ತಿದ್ದೆ. ಇನ್ನು ಎಂಟು ನಿಮಿಷ, ಇನ್ನು ಐದು. ನಾಲ್ಕು ಹೊಡೆದರೆ ಈ ಮಾತು ಇರುವುದಿಲ್ಲ. ಅವಳು ನನಗೆ ಚಹಾ ಬೇಕೇ ಎಂದು ಕೇಳುತ್ತಾಳೆ, ನಾನು ಬೇಕೆನ್ನುತ್ತೇನೆ. ನಮ್ಮೂರು ನಡೆಯುವುದೇ ಹಾಗೆ. ಒಂದು ಗಳಿಗೆ ಅದು ನನಗೆ ದೊಡ್ಡ ಸಮಾಧಾನವೆನಿಸಿದ್ದೂ ನಿಜ.

ನಾಲ್ಕು ಹೊಡೆಯಿತು. ದುಂಡಪ್ಪನವರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಒಳಗೆ ಬಂದರು, ಹಿಂದೆ ಶಾಹೀನ. "ಹಾಂ ಮಾಸ್ತರ್ರ, ಕಾಗದ?"

ಕಸ್ತೂರೆವ್ವ ಕಿಟಕಿಯಿಂದ ತಿರುಗಿದಳು. "ನಾಲ್ಕಾತು," ಎಂದಳು ನನಗೆ. "ಈಗ ಹೇಳ್ರಿ."

ಹಾಗೆ ಕೇಳುವುದನ್ನು ನಮ್ಮೂರಿನಲ್ಲಿ ನಾನು ಆವರೆಗೆ ಕಂಡಿರಲಿಲ್ಲ. ದುಂಡಪ್ಪನವರಿಗೆ ಏನೆಂದು ಗೊತ್ತಿಲ್ಲದಿದ್ದರೂ ಏನೋ ಆಗಬಾರದ್ದೆಂದು ಗೊತ್ತಾಗಿ, "ಏ, ಬ್ಯಾಡ ಬಿಡಬೇ ಕಸ್ತೂರೆವ್ವಾ, ಎರಡನೇ ಮೂರರ ಮಾತು ಎತ್ತಬಾರದು," ಎಂದರು.

"ಎತ್ತಿಲ್ರಿ. ಈಗ ಹೊಸದಾಗಿ ಕೇಳಾಕತ್ತೀನಿ."

ಗಡಿಯಾರದಲ್ಲಿ ನಾಲ್ಕಾಗಿ ಎರಡು ನಿಮಿಷವಾಗಿತ್ತು. ಅಧ್ಯಕ್ಷರ ಮುಖ ನೋಡಿಯೇ ಹೇಳಿದೆ. ಹದಿನೆಂಟು ವರ್ಷದ ಹಿಂದಿನ ಕಾಗದ ಸುಳ್ಳು, ಬರೆದವನು ನಾನು, ಬಟನ್ನು ಮುಟ್ಟಿಯೇ ನೋಡಿರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅವರು ಕುರ್ಚಿ ಹುಡುಕಿಕೊಂಡು ಕೂತಿದ್ದರು. ನನ್ನ ಮಾತು ಮುಗಿದೊಡನೆ ಕಸ್ತೂರೆವ್ವ, ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಹೇಳುವ ದನಿಯಲ್ಲಿ, "ಒತ್ತಿದವರು ನಮ್ಮನಿಯವರು," ಎಂದಳು. "ಅದೂ ಬರಕೊಳ್ರಿ."

ಆ ದಿನದ ಕಾಗದ ನಾಲ್ಕೂಹತ್ತಕ್ಕೆ ಬರೆದದ್ದು. ಬೋರ್ಡು ಇರುವ ಸ್ಥಿತಿಯಲ್ಲಿ ನಪಾಸು. ರೀಸೆಟ್ ಬಟನ್ನು ಕಿತ್ತರೆ ಪಾಸು. ಬಿಲ್ಲೆಗಳ ಬಿಸಿಯ ಬಗ್ಗೆ ಅನುಮಾನವಿದೆ, ಇಪ್ಪತ್ತು ನಿಮಿಷದ ಆಚೆಗೆ ಖಾತ್ರಿ ಕೊಡಲಾಗದು.

"ಕಿತ್ತರ ಗ್ಯಾರಂಟಿ ಹೋಗ್ತೈತಿ!" ಎಂದರು ದುಂಡಪ್ಪನವರು.

"ಯಾರ ಗ್ಯಾರಂಟಿ ಅಧ್ಯಕ್ಷರ? ಅಂಗಡ್ಯಾವಂದೋ, ಊರಿಂದೋ?" ಎನ್ನುತ್ತ ಶಾಹೀನ ಸೋಲ್ಡರಿನ ಕಡ್ಡಿ ಕಾಯಲಿಟ್ಟಳು. ಬಟನ್ನು ನಾಲ್ಕು ಕಾಲಿನ ಸಣ್ಣ ಹುಳುವಿನಂತೆ ಎದ್ದು ಬಂತು. ಅದನ್ನು ನಾನು ಕಿಸೆಯಲ್ಲಿ ಹಾಕಿಕೊಂಡೆ. ಹುಲಿಯನ್ನೂ ಬಿಚ್ಚೋಣವೆಂದೆ. ಅಧ್ಯಕ್ಷರು ಎರಡೂ ಕೈ ಅಡ್ಡ ಹಿಡಿದರು. ಅವತ್ತಿನ ಪಾಲಿಗೆ ಅವರ ಮೇಲೆ ಆದಷ್ಟು ಸಾಕೆನಿಸಿ ಬಿಟ್ಟೆ. ಬಿಡಬಾರದಿತ್ತು.

ಮರುದಿನ ಬಜಾರದಲ್ಲಿ ಯಾರೂ ಚಪ್ಪಾಳೆ ತಟ್ಟಲು ಸೇರಲಿಲ್ಲ. ಸುದ್ದಿ ಹಬ್ಬಿತ್ತು. ಜನ ಮನೆಯೊಳಗೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಕಳೆದುಹೋಗಬಾರದ ಸಾಮಾನುಗಳನ್ನು ಕೈಯಲ್ಲಿ ಹಿಡಿದಿದ್ದರು. ಲಗ್ನದ ಖಾತ್ರಿಯಿಲ್ಲದ ಆ ಗಂಡ ಹೆಂಡತಿ ಕೈ ಕೈ ಹಿಡಿದು ಕಟ್ಟೆಯ ಮೇಲೆ ಕೂತಿದ್ದರೆಂದು ಆಮೇಲೆ ತಿಳಿಯಿತು.

ಗಡಿಯಾರ ಮೂರು ಹೊಡೆಯಿತು. ಗಂಟೆ ಕಳೆದು ಮತ್ತೆ ಮೂರು ಹೊಡೆಯಿತು. ಆ ಗಂಟೆಯುದ್ದಕ್ಕೂ ಮೇಲಿನ ಕೋಣೆಯಲ್ಲಿ ಯಾರೂ ಯಾರಿಗೂ ನಿಜ ಹೇಳಲಿಲ್ಲ, ಹೇಳುವುದು ಉಳಿದಿರಲಿಲ್ಲ. ಗೂಡಿನಲ್ಲಿ ಕೂತ ಹೊಸ ಬೋರ್ಡಿಗೆ ಶಾಹೀನ ಕ್ಯಾನು ಬಗ್ಗಿಸಿದಳು, ಹೊಗೆ ಇಳಿಯಿತು. ಕಸ್ತೂರೆವ್ವ ಕೈಗವಸು ಹಾಕಿಕೊಂಡು ಬಲ ಅಂಚಿನ ಹತ್ತಿರ ನಿಂತಳು. ಅವಳ ಬೆರಳು ಸ್ಲೋ ಬಟನ್ನಿನ ಮೇಲೆ ಒಂದು ಗೇಣು ಎತ್ತರದಲ್ಲಿತ್ತು.

ಗಡಿಯಾರ ಮೂರನೆಯ ಸಲ ಮೂರು ಹೊಡೆಯಿತು.

ಬೆಳಕು ಹಾಗೇ ಇತ್ತು. ಬೇರೇನಾದರೂ ಆದೀತೆಂದು ನಾವೆಲ್ಲ ಕಾದಿದ್ದೆವೇನೋ. ಕಿಟಕಿಯಲ್ಲಿ ಒಂದು ನೊಣ ಹಾರಾಡಿತು, ಅಷ್ಟೆ. ಶಾಹೀನ ನಿಮಿಷ ಎಣಿಸುತ್ತಿದ್ದಳು. ಐದು. ಎಂಟು. ಬಿಲ್ಲೆಗಳ ಬಿಸಿ ಎಂಬತ್ತು. ಹತ್ತು. ದುಂಡಪ್ಪನವರು ಕಣ್ಣು ಮುಚ್ಚಿದರು. "ಹನ್ನೊಂದು," ಎಂದಳು ಶಾಹೀನ. ಫಕೀರಪ್ಪ ಕಾಣದೇ ಹೋದ ನಿಮಿಷ.

ಕೆಳಗೆ ಮೆಟ್ಟಿಲ ಬುಡದಲ್ಲಿ ಮೇನ್ ಸ್ವಿಚ್ಚಿನ ಹಿಡಿಕೆ ಕಟ್ ಎಂದ ಸದ್ದಾಯಿತು. ನಮ್ಮ ಬೋರ್ಡಿಗೆ ಏನೂ ಆಗಲಿಲ್ಲ. ಸ್ವಿಚ್ಚಿನ ಹತ್ತಿರ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೆಳಗಿನ ಹೊರಬಾಗಿಲಿಗೆ ಬೀಗ ಹಾಕಿಸಿದವನು ನಾನೇ.

ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ. ಬರಿಗಾಲಿನದು, ನಿಧಾನ.

ಕಸ್ತೂರೆವ್ವನ ಮುಖ ಬಾಗಿಲ ಕಡೆ ತಿರುಗಲಿಲ್ಲ. ಕಣ್ಣು ಕೆಂಪು ದೀಪದ ಮೇಲೇ ಇತ್ತು. ತುಟಿ ಮಾತ್ರ ಎಣಿಸುತ್ತಿತ್ತು. ಹನ್ನೊಂದನೆಯ ಮೆಟ್ಟಿಲಿಗೆ ಹೆಜ್ಜೆ ನಿಂತಿತು. ಕೆಮ್ಮು ಕೇಳಿಸಿತು, ಎರಡು ಸಲ.

"ಅಲ್ಲೇ ನಿಂದರ್ತಾರ ಯಾವಾಗಲೂ," ಎಂದಳು ಮೆಲ್ಲಗೆ. "ಈಗ ತಿಳೀತು, ಅವತ್ತ ಮೇನ್ ಹಾಕಾಕ ಇಳದು ಹೋಗಿದ್ರು, ಮಾಸ್ತರ್ರ. ಏಳಕ್ಕ ಬೋರ್ಡ್ ತಾನಾಗಿ ಎದ್ದಿದ್ದಲ್ಲ. ಇವರು ಹಾಕಿದ್ರು. ಹಾಕಿ ಹತ್ತಾಕತ್ತಾರ."

ಹೆಜ್ಜೆ ಮತ್ತೆ ಶುರುವಾಯಿತು. ಹದಿನೈದು, ಹದಿನಾರು. ಬಿಸಿ ತೊಂಬತ್ತಾರು. ಹುಲಿ ಒಳಗಿನಿಂದ ಕೆಂಪಗೆ ಉರಿಯುತ್ತಿತ್ತು, ಅಂದಕ್ಕೆ. ಶಾಹೀನ ಕೈಯಲ್ಲಿದ್ದ ರಟ್ಟಿನಿಂದ ಗಾಳಿ ಹಾಕತೊಡಗಿದಳು. ಹತ್ತೊಂಬತ್ತು. ನೂರು. ನೂರಾ ಎರಡು. ಕೆಂಪು ದೀಪದ ಅಂಕಿ ಒಮ್ಮೆ ಮಿಣುಕಿ ಸರಿಯಾಯಿತು, ಮತ್ತೆ ಮಿಣುಕಿತು.

"ಕಸ್ತೂರಕ್ಕ," ಎಂದಳು ಶಾಹೀನ. "ಇನ್ನ ತಡಿಯಂಗಿಲ್ಲ."

ಇಪ್ಪತ್ತೊಂದು. ಒತ್ತು ಎನ್ನುವ ಹಕ್ಕು ನನಗಿರಲಿಲ್ಲ, ಒತ್ತಬೇಡ ಎನ್ನುವ ಹಕ್ಕು ಯಾರಿಗೂ ಇರಲಿಲ್ಲ. ಇಪ್ಪತ್ತೆರಡು. ಅಂಕಿ ಮಿಣುಕಿ, ಈ ಸಲ ಬೇಗ ಮರಳಲಿಲ್ಲ.

ಅವಳು ಒತ್ತಿದಳು. ದಪ್ಪ ಕೈಗವಸಿನ ಬೆರಳು ಕೆಳಗಿಳಿದು ಸರಿಯಾದ ಬಟನ್ನಿನ ಮೇಲೆ ಕೂತಿತು. ತಪ್ಪಿ ಬೀಳಲು ಪಕ್ಕದಲ್ಲಿ ಏನೂ ಇರಲಿಲ್ಲ. ಗಡಿಯಾರ ನಾಲ್ಕು ಹೊಡೆಯಿತು. ಹೆಜ್ಜೆ ನಿಂತಿತು.

ಊರು ಒಂದು ನಿಮಿಷವನ್ನೂ ಕಳೆದುಕೊಂಡಿರಲಿಲ್ಲ. ಕೆಳಗೆ ಯಾರೋ ಮಕ್ಕಳನ್ನು ಹೊರಗೆ ಬಿಟ್ಟರು, ಗದ್ದಲ ಕೇಳಿಸಿತು. ನಾನು ಬಾಗಿಲು ತೆರೆದು ನೋಡಿದೆ. ಮೆಟ್ಟಿಲು ಬರಿದಾಗಿತ್ತು. ಎಲ್ಲ ಮೆಟ್ಟಿಲಿನ ಮೇಲೂ ಧೂಳಿತ್ತು, ಕೆಳಗಿನ ಇಪ್ಪತ್ತೆರಡು ಮೆಟ್ಟಿಲುಗಳ ಮೇಲೆ ಮಾತ್ರ ಬರಿಗಾಲಿನ ಗುರುತಿತ್ತು.

ಕಸ್ತೂರೆವ್ವ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟಳು. ಅಳುತ್ತಾಳೆಂದು ದುಂಡಪ್ಪನವರು ಶಾಲು ತಯಾರಾಗಿ ಹಿಡಿದಿದ್ದರು. ಅವಳು ಬಂದು ಬಾಗಿಲಲ್ಲಿ ನಿಂತು ಉಳಿದ ಮೆಟ್ಟಿಲುಗಳನ್ನು ಎಣಿಸಿದಳು.

"ಒಂಬತ್ತು," ಎಂದಳು. "ಎಷ್ಟು ಹೊತ್ತು ಬೇಕಾದೀತು ಶಾಹೀನಾ?"

"ಅವರ ನಡಿಗಿ ಲೆಕ್ಕಕ್ಕ, ಎರಡ ನಿಮಿಷ, ಅಕ್ಕ."

"ಮೊಣಕಾಲ ಬ್ಯಾನಿ ಐತಿ. ಮೂರು ಹಿಡಿ."

ನಾಲ್ಕಾಗಿ ಐದು ನಿಮಿಷವಾಗಿತ್ತು; ಈ ಹೊತ್ತಿನಲ್ಲಿ ಬರೆದದ್ದಕ್ಕೆ ಬೆಲೆಯಿದೆ. ಕಾಗದ ತೆಗೆದು, ಬಟನ್ನುಗಳ ಜಾಗ ಸರಿಯಿದೆ, ಬೋರ್ಡು ಇನ್ನೂ ಮೂರು ನಿಮಿಷ ತಾಳಬೇಕು ಎಂದು ಬರೆದೆ. ಬರೆಯುತ್ತಿರುವಾಗ ಬೆನ್ನ ಹಿಂದೆ ದುಂಡಪ್ಪನವರು ಶಾಹೀನಳ ಪೆಟ್ಟಿಗೆಯಲ್ಲಿ ಕೈಯಾಡಿಸುವ ಸದ್ದು ಕೇಳಿಸಿತು.

"ಸ್ಕ್ರೂ ಡ್ರೈವರ್ ಎಲ್ಲಿ ಇಟ್ಟೀಯವಾ?" ಎಂದು ಕೇಳಿದರು ಅಧ್ಯಕ್ಷರು. "ಈ ಹುಲಿ ಸುಡಾಕತ್ತೈತಿ, ಆದರೂ ಈಗ ಬಿಚ್ತೀನಿ."